ಚೌಳು ಮಣ್ಣಿನಲ್ಲಿ ಹೊಸ ಉಪ್ಪುಜೀವಿ ಗುರುತಿಸುವುದು

ಹಿರಿಯೂರು ಹತ್ತಿರ ನಮ್ಮ ಮಾವನ ಹೊಲದ ಒಂದು ಮೂಲೆ ಪೂರ್ತಿ ಚೌಳು. ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಬೆಳ್ಳಗೆ ಏಳುತ್ತದೆ. ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳನ್ನು, ಅಂದರೆ ಉಪ್ಪುಜೀವಿಗಳನ್ನು, ಹುಡುಕಲು ನಾನು ತೆಗೆದ ಸ್ಯಾಂಪಲ್ ಎಲ್ಲ ಅಲ್ಲಿಯದೇ.

ಏಪ್ರಿಲ್‌ನಲ್ಲಿ ಹೋಗಿ, ಬೆಂಕಿಗೆ ಹಿಡಿದು ಆರಿಸಿದ ಚಮಚದಿಂದ ಮೇಲಿನ ಪದರ ಕೆರೆದುಕೊಳ್ಳಿ. ಅದನ್ನು ಉಪ್ಪುನೀರಿನಲ್ಲೇ ಕದಡಿ. ಬರೀ ನೀರು ಹಾಕಿದರೆ ಕಡು ಉಪ್ಪಿನ ಜೀವಿಗಳು ಒಡೆದು ಸಾಯುತ್ತವೆ. ಶೇ. 5, 10, 20 ಉಪ್ಪಿರುವ ಅಗರ್ ಪ್ಲೇಟ್‌ಗಳಲ್ಲಿ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ ತಟ್ಟೆ) ಹರಡಿ, 37 ಡಿಗ್ರಿಯಲ್ಲಿಡಿ. ಪ್ಲೇಟ್ ಒಣಗದಂತೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಿ, ಮರೆಯಬೇಡಿ. ಮೊದಲ ಸಲ ನಾನು ಕಟ್ಟಿರಲಿಲ್ಲ. ಹತ್ತು ದಿನ ಕಾದು, ಉಪ್ಪಿನ ಹರಳನ್ನೇ ಕಾಲೊನಿ (ಜೀವಿಗಳು ಬೆಳೆದು ಆದ ಚುಕ್ಕೆ) ಅಂದುಕೊಂಡೆ. ತುಂಬಾ ಬೇಜಾರಾಯಿತು. 20ರ ಪ್ಲೇಟ್‌ನಲ್ಲಿ ಕೆಂಪು ಚುಕ್ಕೆ ಮೂಡಲು ಮೂರು-ನಾಲ್ಕು ವಾರವೂ ಆಗಬಹುದು, ಅವಸರ ಬೇಡ.

ಒಂದೊಂದು ಕಾಲೊನಿಯನ್ನೂ ಮೂರು ಸಲ ಹೊಸ ಪ್ಲೇಟ್‌ನಲ್ಲಿ ಗೆರೆ ಎಳೆದು ಬೇರ್ಪಡಿಸಿ. ಆಮೇಲೆ 16ಎಸ್ ಜೀನ್ (ಇಂಥ ಜೀವಿಗಳ ಗುರುತು ಹಿಡಿಯಲು ಬಳಸುವ ಜೀನ್) ಸೀಕ್ವೆನ್ಸ್ ಮಾಡಿಸಿ, ಅಂದರೆ ಅದರ ಡಿಎನ್‌ಎ ಅಕ್ಷರಗಳ ಸಾಲು ಓದಿಸಿ. ಹತ್ತಿರದ ಪ್ರಭೇದದ ಜೊತೆ ಹೋಲಿಕೆ ಶೇ. 98.7ಕ್ಕಿಂತ ಕಡಿಮೆ ಬಂತಾ? ಹೊಸದಿರಬಹುದು. ಜಾಸ್ತಿ ಬಂದರೂ ಸುಮ್ನೆ ಬಿಡಬೇಡಿ, ಇಡೀ ಜೀನೋಮ್ (ಜೀವಿಯ ಪೂರ್ತಿ ಡಿಎನ್‌ಎ) ಹೋಲಿಸಿ. ಸರಾಸರಿ ಹೋಲಿಕೆ ಶೇ. 95ಕ್ಕಿಂತ ಕಡಿಮೆಯಿದ್ದರೆ ಅದು ಬೇರೆ ಪ್ರಭೇದವೇ. ಹ್ಯಾಲೊಆರ್ಕುಲಾ ಅನ್ನುವ ಉಪ್ಪುಜೀವಿಗಳ ಜಾತಿಯಲ್ಲಂತೂ ಒಂದೇ ಜೀವಕೋಶದೊಳಗೆ 16ಎಸ್‌ನ ಬೇರೆ ಬೇರೆ ಪ್ರತಿಗಳಿರುತ್ತವೆ. ಅಲ್ಲಿ ಜೀನೋಮನ್ನೇ ನಂಬಿ.

ಹೊಸ ಪ್ರಭೇದದ ಹೆಸರು ಪ್ರಕಟಿಸುವ ಮೊದಲು ಜೀವಂತ ತಳಿಯನ್ನು ಎರಡು ದೇಶಗಳ ಸೂಕ್ಷ್ಮಜೀವಿ ಸಂಗ್ರಹ ಕೇಂದ್ರಗಳಿಗೆ ಕೊಡಬೇಕು.