ರೋಬೋಟಿನೊಳಗೆ ಮೊದಲೇ ಜಾಗ ಹಿಡಿಯುವ ಕೆಲಸ

ಎಫ್‌ಆರ್‌ಸಿ ಅಂದರೆ ಹೈಸ್ಕೂಲ್ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆ. ಅದರ ನಮ್ಮ ತಂಡದಲ್ಲಿ ವೈರಿಂಗ್ ನನ್ನ ಪಾಲಿನದು. ಮೆಕ್ಯಾನಿಕಲ್‌ನವರು ಡಿಸೈನ್ ಮುಗಿಸಿ, 'ಉಳಿದಿರೋ ಜಾಗದಲ್ಲಿ ನಿಮ್ಮ ಬೋರ್ಡ್ ಕೂರಿಸ್ಕೊಳ್ಳಿ' ಅನ್ನುವ ಮೊದಲೇ ನಾನು ಜಾಗ ಹಿಡಿದಿಡುತ್ತೇನೆ.

ಪ್ರತಿ ಭಾಗದ ಅಳತೆಗೆ ರಟ್ಟಿನ ತುಂಡು ಕತ್ತರಿಸಿ ಫ್ರೇಮಿನ ಮೇಲೆ ಜೋಡಿಸಿ ನೋಡಿದೆ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವ ಕ್ಯಾಡ್‌ನಲ್ಲೂ ಮಾಡಿದ್ದೆವು. ಆದರೆ ವೈರ್ ಬಾಗಲು ಎಷ್ಟು ಜಾಗ ಬೇಕು, ಸ್ಕ್ರೂಡ್ರೈವರ್ ಹಿಡಿದ ಕೈ ಒಳಗೆ ಹೋಗುತ್ತಾ ಅನ್ನುವುದು ಅಲ್ಲಿ ಸರಿಯಾಗಿ ತಿಳಿಯಲಿಲ್ಲ.

ಮೊದಲ ಜಾಗ ಬ್ಯಾಟರಿಗೆ. 12 ವೋಲ್ಟ್, 18 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ, ತೂಕ ಜಾಸ್ತಿ. ಕೆಳಗೆ, ನಡುವಿಗೆ ಹತ್ತಿರ ಇರಬೇಕು. ಪಂದ್ಯ ಮುಗಿದಾಗೆಲ್ಲ ಬದಲಿಸುವುದರಿಂದ ಸಲೀಸಾಗಿ ಹೊರಗೂ ಬರಬೇಕು. ಆಮೇಲೆ 120 ಆಂಪಿಯರ್‌ನ ಮೇನ್ ಬ್ರೇಕರ್. ಅದರ ಕೆಂಪು ಬಟನ್ ಒತ್ತಿದರೆ ರೋಬೋಟ್ ಆಫ್. ನಮ್ಮ ಕೈಗೆ ತಟ್ಟನೆ ಸಿಗಬೇಕು, ಎದುರಾಳಿ ರೋಬೋಟಿನ ತೋಳಿಗೆ ಸಿಗಬಾರದು.

ಬ್ಯಾಟರಿ, ಬ್ರೇಕರ್, ಪವರ್ ಹಂಚುವ ಬೋರ್ಡ್, ಈ ಮೂರನ್ನೂ ಒತ್ತೊತ್ತಾಗಿ ಇಡಬೇಕು ಅಂತ ನಾನು ಹಟ ಹಿಡಿದೆ. ಇವುಗಳ ನಡುವಿನ ದಪ್ಪ ವೈರ್ 6 ಗೇಜ್. ಅದರ ಒಂದು ಮೀಟರಿನ ರೆಸಿಸ್ಟೆನ್ಸ್ ಸುಮಾರು 1.3 ಮಿಲಿಓಮ್. ಇದೇನು ಮಹಾ ಅನ್ನಿಸುತ್ತದೆ, ಅಲ್ವಾ? ಮೋಟರುಗಳೆಲ್ಲ ಒಟ್ಟಿಗೆ ಎಳೆದು ಕರೆಂಟ್ 200 ಆಂಪಿಯರ್ ಮುಟ್ಟಿದರೆ ಆ ಒಂದು ಮೀಟರಿನಲ್ಲೇ ಕಾಲು ವೋಲ್ಟ್ ಹೋಗುತ್ತದೆ. ಬ್ಯಾಟರಿಯ ವೋಲ್ಟೇಜ್ ಆಗಲೇ ಕುಸಿದಿರುತ್ತದೆ. ತೀರಾ ಇಳಿದರೆ ರೋಬೋಟಿನ ಮಿದುಳಿನಂತಿರುವ ಕಂಟ್ರೋಲರ್, ಅಂದರೆ ರೋಬೊರಿಯೊ, ತನ್ನನ್ನು ಉಳಿಸಿಕೊಳ್ಳಲು ಮೋಟರುಗಳನ್ನೇ ನಿಲ್ಲಿಸಿಬಿಡುತ್ತದೆ.

ರೋಬೊರಿಯೊವನ್ನು ನೆಟ್ಟಗೆ ನಿಲ್ಲಿಸಿದೆವು. ಡ್ರಿಲ್ ಮಾಡುವಾಗ ಹಾರುವ ಲೋಹದ ಚೂರು ಪಿನ್ನುಗಳ ನಡುವೆ ಬೀಳುವುದು ಕಡಿಮೆಯಾಗಲಿ ಅಂತ. ಡ್ರಿಲ್ ಹಿಡಿದವರಿಗೆ ಬೋರ್ಡ್ ಮುಚ್ಚಿ ಅಂದರೂ ಮುಚ್ಚುವುದಿಲ್ಲ! ರೋಬೋಟಿನ ವೈಫೈ ರೇಡಿಯೊ ಇಟ್ಟಿದ್ದು ಮೋಟರುಗಳಿಂದ ದೂರ, ಸುತ್ತ ಲೋಹವಿಲ್ಲದ ಕಡೆ ಎತ್ತರದಲ್ಲಿ, ದೀಪಗಳು ಹೊರಗೆ ಕಾಣುವಂತೆ.

ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ಕ್ಯಾನ್ ಬಸ್ಸಿನ ಹಳದಿ-ಹಸಿರು ವೈರ್ ಜೋಡಿ ಯಾವ ಕ್ರಮದಲ್ಲಿ ಸಾಗುತ್ತದೆ ಅಂತ ರಟ್ಟಿನ ಮೇಲೇ ಗೆರೆ ಎಳೆದೆ. ಒಂದು ತುದಿ ರೋಬೊರಿಯೊ, ಇನ್ನೊಂದು ಪವರ್ ಬೋರ್ಡ್, ಮಿಕ್ಕವು ನಡುವೆ ಸಾಲಾಗಿ. ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರುವುದರಿಂದ, ಪವರ್ ಆಫ್ ಮಾಡಿ ಆ ಜೋಡಿಗೆ ಮೀಟರ್ ಇಟ್ಟರೆ ಸುಮಾರು 60 ಓಮ್ ತೋರಿಸಬೇಕು. 120 ಬಂದರೆ ನಡುವೆ ಎಲ್ಲೋ ವೈರ್ ಬಿಟ್ಟಿದೆ, ಇಲ್ಲವೇ ಒಂದು ತುದಿಯ ರೆಸಿಸ್ಟರ್ ಸೇರಿಲ್ಲ. ಈ 60 ನೋಡುವವರೆಗೂ ವೈರ್ ಕಟ್ಟುವ ಝಿಪ್ ಟೈ ಪೊಟ್ಟಣ ಯಾರ ಕೈಗೂ ಕೊಡುವುದಿಲ್ಲ.