ಅಡಿಕೆ ಅಂಗಳಕ್ಕೆ ಕ್ಯಾಮರಾ, ಆಚೆಮನೆಯ ಬಚ್ಚಲಿಗೆ ಕಪ್ಪು ಮರೆ

ಅಡಿಕೆ ಕಾಯಲು ಕ್ಯಾಮರಾ ಹಾಕಿದೆವು. ಠಾಣೆಯಲ್ಲಿ ಕೂತೇ ನೋಡಲು ಲೈವ್ ಲಿಂಕ್ ಕೊಡಿ ಎಂದು ಪೊಲೀಸರು ಕೇಳಿದರು, ಕೊಡಲಿಲ್ಲ. ಲಿಂಕ್ ಕೊಡದ ಮೇಲೆ ಕ್ಯಾಮರಾ ಯಾಕೆ ಎಂದು ನಗಾಡಿದವರೇ ಈಗ ತಮ್ಮ ಅಂಗಳಕ್ಕೂ ಇದೇ ಸೆಟ್ಟಿಂಗ್ ಬೇಕು ಎನ್ನುತ್ತಿದ್ದಾರೆ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಒಳದಾರಿ, ನಾಲ್ಕೈದು ಮನೆ, ಎರಡು ಮೂರು ಅಂಗಡಿ, ಒಟ್ಟು ಎಂಟು ಕ್ಯಾಮರಾ. ಖರ್ಚು ಕೇಬಲ್, ಡಿಸ್ಕ್, ಯುಪಿಎಸ್ ಎಲ್ಲ ಸೇರಿ 50,000 ರೂಪಾಯಿಯ ಆಸುಪಾಸು. ಅದರಲ್ಲಿ ಕ್ಯಾಮರಾಗಳದ್ದು ಅರ್ಧಕ್ಕಿಂತ ಕಡಿಮೆ. ಸಿಡಿಲಿನ ದೆಸೆಯಿಂದ, ಒಂದೇ ಕೇಬಲಿನಲ್ಲಿ ಕರೆಂಟನ್ನೂ ಚಿತ್ರವನ್ನೂ ಸಾಗಿಸುವ ಪಿಒಇ ಸ್ವಿಚ್ಚಿಗೆ ಸರ್ಜ್ ಪ್ರೊಟೆಕ್ಟರ್, ಅರ್ಥಿಂಗ್ ಎಂದು ಹೋದ ದುಡ್ಡೇ ಹೆಚ್ಚು.

ಕಾವಲು ಬೇಕಾದದ್ದು ಚಾಲಿ ಅಡಿಕೆ ಒಣಗಲು ಹಾಕಿದ ಅಂಗಳಕ್ಕೆ. ಆದರೆ ನಮ್ಮ ಊರಿನ ಮನೆಗಳಲ್ಲಿ ಅಂಗಳ ಕಾಣುವಂತೆ ಎಲ್ಲಿ ಕ್ಯಾಮರಾ ಇಟ್ಟರೂ ನೆರೆಕರೆಯ ಬಾವಿಕಟ್ಟೆಯೋ ಹೊರಗಿನ ಬಚ್ಚಲೋ ಚಿತ್ರದೊಳಗೆ ಬರುತ್ತದೆ. ಅಷ್ಟು ಭಾಗವನ್ನು ಕಪ್ಪಾಗಿ ಮುಚ್ಚುವ ಪ್ರೈವಸಿ ಮಾಸ್ಕ್ ಹಾಕಿದ್ದೇವೆ ಎಂದು ಹೇಳುವವರು ಬಹಳ, ಸರಿಯಾಗಿ ಹಾಕುವವರು ಕಡಿಮೆ. ರೆಕಾರ್ಡ್ ಮಾಡುವ ಪೆಟ್ಟಿಗೆಯಾದ ಎನ್‌ವಿಆರ್‌ನ ಮೆನುವಿನಿಂದ ಹಾಕಿದ ಮಾಸ್ಕ್ ಕೆಲವು ಮಾಡೆಲ್‌ಗಳಲ್ಲಿ ಪರದೆಯ ಮೇಲೆ ಮಾತ್ರ ಇರುತ್ತದೆ. ಡಿಸ್ಕಿನಲ್ಲಿ ಬಚ್ಚಲು ಹಾಗೆಯೇ ರೆಕಾರ್ಡ್ ಆಗುತ್ತಿರುತ್ತದೆ. ಕ್ಯಾಮರಾದ ಸ್ವಂತ ಐಪಿ ವಿಳಾಸಕ್ಕೆ ಲಾಗಿನ್ ಆಗಿ ಅಲ್ಲಿಯೇ ಹಾಕಬೇಕು. ಆಮೇಲೆ ವಿಎಲ್‌ಸಿ ಪ್ಲೇಯರಿನಲ್ಲಿ ಕ್ಯಾಮರಾದ ನೇರ ವಿಡಿಯೋ (ಆರ್‌ಟಿಎಸ್‌ಪಿ) ತೆರೆದು ಮೇನ್ ಸ್ಟ್ರೀಮ್ ಎಂಬ ದೊಡ್ಡ ಚಿತ್ರ, ಸಬ್ ಸ್ಟ್ರೀಮ್ ಎಂಬ ಸಣ್ಣ ಚಿತ್ರ ಎರಡನ್ನೂ ನೋಡಬೇಕು. ಎರಡರಲ್ಲೂ ಕಪ್ಪು ಕಂಡರೆ ಸರಿ.

ಮುರಕಲ್ಲಿನ ಗೋಡೆಗೆ ಸಾದಾ ಪ್ಲಗ್ ಹೊಡೆದರೆ ಒಂದು ಮಳೆಗಾಲದಲ್ಲಿ ಬ್ರಾಕೆಟ್ ಜೋಲುತ್ತದೆ, ಮಾಸ್ಕ್ ಇದ್ದಲ್ಲೇ ಇರುತ್ತದೆ, ಬಚ್ಚಲಿನ ಬಾಗಿಲು ಹೊರಗೆ ಇಣುಕುತ್ತದೆ. ತೂತಿಗೆ ಸಿಮೆಂಟ್ ತುಂಬಿ ಉದ್ದದ ಸ್ಕ್ರೂ ಹಾಕಿ, ಮಾಸ್ಕನ್ನು ಸುತ್ತಲೂ ಒಂದು ಗೇಣಿನಷ್ಟು ದೊಡ್ಡದು ಮಾಡಿಡಿ. ಮುಚ್ಚಿದ ಜಾಗದಲ್ಲಿ ಕಳ್ಳ ನಡೆದರೆ ಅವನೂ ಸಿಗುವುದಿಲ್ಲ. ಅದಕ್ಕೇ ಬಚ್ಚಲಿನ ಹಿಂದಿನ ಕಾಲುದಾರಿ ಹೊರಗೆ ಕೂಡುವಲ್ಲಿ, ದಾರಿ ಮಾತ್ರ ಕಾಣುವಂತೆ ತಗ್ಗಿನಲ್ಲಿ ಇನ್ನೊಂದು ಕ್ಯಾಮರಾ. ಮೈಕ್ ಎಲ್ಲದರಲ್ಲೂ ಬಂದ್. ಜಗಲಿಯ ಮಾತು ರೆಕಾರ್ಡ್ ಆಗಿ ಅಡಿಕೆ ಉಳಿದದ್ದು ನಾನಂತೂ ಕಂಡಿಲ್ಲ.

ಸ್ಟೋರೇಜ್ ವಿಷಯದಲ್ಲೇ ಜಗಳ ಹೆಚ್ಚು. 2 ಮೆಗಾಪಿಕ್ಸೆಲ್, ವಿಡಿಯೋ ಕುಗ್ಗಿಸಲು ಎಚ್.265, ಸೆಕೆಂಡಿಗೆ 15 ಫ್ರೇಮ್, 1 ಎಂಬಿಪಿಎಸ್ ಇಟ್ಟರೆ ಒಂದು ಕ್ಯಾಮರಾಕ್ಕೆ ದಿನಕ್ಕೆ ಹತ್ತಿರ ಹತ್ತಿರ 11 ಜಿಬಿ. ಎಂಟಕ್ಕೆ 86ರಷ್ಟು. 15 ದಿನಕ್ಕೆ 1.3 ಟಿಬಿ, ಹಾಗಾಗಿ 2 ಟಿಬಿ ಡಿಸ್ಕ್ ಧಾರಾಳ. 6 ಟಿಬಿ ಹಾಕಿ ಎಂದು ಹಟ ಹಿಡಿದವರಿದ್ದರು, ಒಪ್ಪಲಿಲ್ಲ. ಅಡಿಕೆ ಹೋದದ್ದು ಕೈಯಾಡಿಸುವಾಗಲೋ ಗೋಣಿಗೆ ತುಂಬುವಾಗಲೋ ವಾರದೊಳಗೆ ತಿಳಿಯುತ್ತದೆ. ಅದರ ಮೇಲೆ ಇಟ್ಟುಕೊಂಡದ್ದೆಲ್ಲ ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂಬ ಲೆಕ್ಕ. ಡಿಸ್ಕ್ ತುಂಬಿದಾಗ ಹಳತನ್ನು ಅಳಿಸು ಎಂಬ ಆಯ್ಕೆಯನ್ನು ನಂಬಬೇಡಿ. ಇಷ್ಟು ದಿನವಾದರೆ ಅಳಿಸು ಎನ್ನುವುದಕ್ಕೆ ಎಕ್ಸ್‌ಪೈರಿ ಎಂಬ ಬೇರೆ ಸೆಟ್ಟಿಂಗ್ ಇದೆ, ಅಲ್ಲಿ 15 ಎಂದು ಕೊಡಿ.

ಎನ್‌ವಿಆರ್ ಇಂಟರ್ನೆಟ್ಟಿಗೆ ತಾನೇ ದಾರಿ ಮಾಡಿಕೊಳ್ಳುವ ಪಿ2ಪಿ, ಯುಪಿಎನ್‌ಪಿ ಬಂದ್. ಡಿಎನ್‌ಎಸ್, ಗೇಟ್‌ವೇ ಖಾಲಿ. ಪೆಟ್ಟಿಗೆಗೆ ಹೊರಗಿನ ದಾರಿಯೇ ಗೊತ್ತಿರಬಾರದು. ಇದರಿಂದ ಆಗುವ ಮುಖ್ಯ ತೊಂದರೆ, ಇಂಟರ್ನೆಟ್ಟಿನಿಂದ ಸಮಯ ಕೊಡುವ ಎನ್‌ಟಿಪಿ ಸಿಗದೆ ಗಡಿಯಾರ ತಪ್ಪುತ್ತದೆ. ಕೆಲವು ತಿಂಗಳಲ್ಲಿ ನಿಮಿಷಗಟ್ಟಲೆ. ತಿಂಗಳಿಗೊಮ್ಮೆ ಫೋನಿನ ಸಮಯವನ್ನು ಕ್ಯಾಮರಾದ ಎದುರು ಹಿಡಿದು, ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದು, ಆಮೇಲೆ ಸರಿಪಡಿಸುವುದು. ಫೋನಿನಲ್ಲಿ ನೋಡಬೇಕೆಂದವರಿಗೆ ಬೇರೆ ಸಣ್ಣ ರೌಟರಿನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್.

ಅಡ್ಮಿನ್ ಪಾಸ್‌ವರ್ಡಿನ ಮೊದಲರ್ಧ ಅಂಗಳದ ಯಜಮಾನರ ಹತ್ತಿರ, ಎರಡನೆಯರ್ಧ ಯಾರ ಬಚ್ಚಲು ಮುಚ್ಚಿದ್ದೇವೋ ಆ ಮನೆಯ ಅಕ್ಕನ ಹತ್ತಿರ. ಇಬ್ಬರೂ ಕೂತರೆ ಮಾತ್ರ ಮಾಸ್ಕ್ ತೆಗೆಯಬಹುದು, ಕ್ಲಿಪ್ ತೆಗೆಯಬಹುದು. ರೀಸೆಟ್ ಒತ್ತದಂತೆ ಎನ್‌ವಿಆರ್ ಇರುವುದು ಜಾಲರಿಯ ಪೆಟ್ಟಿಗೆಯಲ್ಲಿ.

ಪೊಲೀಸರ ಮಾತಿಗೆ ಬರುತ್ತೇನೆ. ಮಗು ಕಾಣೆಯಾಗಿದೆ, ಅಪಘಾತ ಮಾಡಿ ಓಡಿದ್ದಾರೆ ಎಂದು ಬಂದರೆ ಕಾಗದ ಕೇಳುತ್ತ ಕೂರುವುದಿಲ್ಲ, ಕೂಡಲೇ ಪರದೆಯಲ್ಲಿ ತೋರಿಸುತ್ತೇವೆ. ಪ್ರತಿ ಕೊಡಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 94ನೇ ಸೆಕ್ಷನ್ನಿನ ನೋಟಿಸ್, ಅಂದರೆ ಹಳೆಯ ಸಿಆರ್‌ಪಿಸಿ 91, ಅದರಲ್ಲಿ ದಿನ, ಹೊತ್ತು, ಜಾಗ. ಕೇಳಿದ ಹೊತ್ತಿನ ಹಿಂದೆ ಮುಂದೆ ಹತ್ತು ನಿಮಿಷ ಸೇರಿಸಿ ಆ ಒಂದು ಕ್ಯಾಮರಾದ್ದು ಮಾತ್ರ. ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಸರಕಾರದ ಕೈ ಕಟ್ಟಿದ್ದೂ ಹೀಗೆಯೇ: ಕಾನೂನಿರಬೇಕು, ಅಗತ್ಯವಿರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನು ನಂಬಿ ಕೂರಬೇಡಿ, ಅದರ 17ನೇ ಸೆಕ್ಷನ್ ಸರಕಾರಕ್ಕೆ ವಿನಾಯಿತಿಯ ದೊಡ್ಡ ಗೇಟನ್ನೇ ತೆರೆದಿಟ್ಟಿದೆ. ಲೈವ್ ಲಿಂಕ್ ಮಾತ್ರ ಆಗುವುದಿಲ್ಲ ಎಂದು ಕೈ ಮುಗಿಯುತ್ತೇವೆ.

ಕ್ಲಿಪ್ಪನ್ನು ಎನ್‌ವಿಆರ್‌ನ ಮೂಲ ಫಾರ್ಮ್ಯಾಟಿನಲ್ಲೇ ಪೆನ್‌ಡ್ರೈವಿಗೆ ತೆಗೆದು, ಪ್ಲೇಯರನ್ನೂ ಹಾಕಿ, ನೋಡುವುದಕ್ಕೆಂದು ಒಂದು ಎಂಪಿ4 ಬೇರೆ. ವಿಂಡೋಸ್‌ನ ಸರ್ಟ್‌ಯುಟಿಲ್‌ನಿಂದ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಸರ್ಟಿಫಿಕೇಟಿನಲ್ಲಿ ಬರೆಯಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯನ್ನೇ ತುಂಬಿಸುವವರು ಇನ್ನೂ ಇದ್ದಾರೆ. ಹೊಸತರಲ್ಲಿ ಎ ಭಾಗ ನಮ್ಮದು, ಬಿ ಭಾಗ ಪರಿಣತರದ್ದು. ವಾಟ್ಸಾಪಿನಲ್ಲಿ ಕಳಿಸಿ ಎಂದರೆ ಒಪ್ಪಬೇಡಿ. ವಿಡಿಯೋ ಕುಗ್ಗುತ್ತದೆ, ಹ್ಯಾಶ್ ತಾಳೆಯಾಗುವುದಿಲ್ಲ. ಸ್ಕೂಟರ್ ಕಳವಿನ ಒಂದು ಕ್ಲಿಪ್ ಹೀಗೆ ಕೊಟ್ಟ ಮೇಲೆ ಠಾಣೆಯಿಂದ ಲೈವ್ ಲಿಂಕಿನ ಮಾತು ಮತ್ತೆ ಬರಲಿಲ್ಲ.

ನಡುವೆ ನಂಬರ್ ಪ್ಲೇಟ್ ಓದಿಸುವ ಪ್ರಯೋಗವನ್ನೂ ಮಾಡಿ ನೋಡಿದೆ. ಶಟರ್ 1/500 ಸೆಕೆಂಡ್, ದಾರಿಗೆ 30 ಡಿಗ್ರಿಯೊಳಗಿನ ಕೋನ ಇಟ್ಟರೆ ಹೊಸ ಪ್ಲೇಟುಗಳು ರಾತ್ರಿ ಕ್ಯಾಮರಾದ ಇನ್‌ಫ್ರಾರೆಡ್ (ಐಆರ್) ಬೆಳಕಿನಲ್ಲಿ ಫಳಫಳ ಹೊಳೆದು ಚೆನ್ನಾಗಿಯೇ ಓದಲು ಬರುತ್ತವೆ. ಯಾರ ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಯಾವಾಗ ಬಂತು ಎಂಬ ಪಟ್ಟಿ ವಾರದಲ್ಲಿ ತಾನಾಗಿ ತಯಾರಾಯಿತು. ಪಟ್ಟಿ ಅಳಿಸಿ ಆ ಕ್ಯಾಮರಾವನ್ನು ಅಡಿಕೆ ಕೋಣೆಯ ಬಾಗಿಲಿಗೆ ತಿರುಗಿಸಿದೆ.

ಬೋರ್ಡ್ ಕನ್ನಡ, ಮಲಯಾಳ ಎರಡರಲ್ಲೂ ಇರಲಿ: ಕ್ಯಾಮರಾ ಇದೆ, ಧ್ವನಿ ಇಲ್ಲ, 15 ದಿನಕ್ಕೆ ಅಳಿಸುತ್ತದೆ, ಕೇಳಬೇಕಾದರೆ ಇಂಥ ಮನೆ. ಜೇಡರ ಬಲೆ ತೆಗೆಯಲು ಕೋಲಿನ ತುದಿಗೆ ಬ್ರಷ್ ಕಟ್ಟಿಡಿ, ಇಲ್ಲವಾದರೆ ಮಳೆಗಾಲದ ರಾತ್ರಿ ಐಆರ್ ಬೆಳಕಿಗೆ ಬಲೆಯೇ ಬೆಳ್ಳಗೆ ಕಾಣುತ್ತದೆ, ಅಂಗಳ ಕಾಣುವುದಿಲ್ಲ.