ಸಸ್ಪೆಂಡ್ ಆದ ಮೇಲೆ ನಾನು ದಿನ ಎಣಿಸಿದ್ದು

ಸಂಜೆ ಐದು ದಾಟಿತ್ತು, ಬೀರುವಿಗೆ ಬೀಗ ಹಾಕುತ್ತಿದ್ದೆ. ಅಟೆಂಡರ್ ಬಂದು ಒಂದು ಹಾಳೆ ಚಾಚಿ 'ಸಾರ್, ಇಲ್ಲೊಂದು ಸೈನ್' ಎಂದ. ಸ್ಟಾಕ್ ರಿಜಿಸ್ಟರ್‌ನಲ್ಲಿ ವ್ಯತ್ಯಾಸವಂತೆ, ಇವತ್ತಿಂದಲೇ ಅಮಾನತಂತೆ, ಅನುಮತಿ ಇಲ್ಲದೆ ಕೇಂದ್ರಸ್ಥಾನ ಬಿಡಬಾರದಂತೆ. ಸೈನ್ ಹಾಕಿ ಕೆಳಗೆ ತಾರೀಖು ಬರೆದೆ. ಅಭ್ಯಾಸ, ಅಷ್ಟೆ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಸಾಹೇಬರ ಚೇಂಬರ್ ಹೊರಗೆ ನಿಂತೆ, ಗೊತ್ತಿದ್ದವರ ಕೈಯಲ್ಲಿ ಒಂದು ಮಾತು ಹೇಳಿಸಿದೆ, 'ನೋಡೋಣ, ಮೇಲಿಂದ ಬರಬೇಕು' ಅಂತ ಕೇಳಿಸಿಕೊಂಡು ಮನೆಗೆ ಬಂದೆ. ಯಾವುದಕ್ಕೂ ಕಾಗದದಲ್ಲಿ ಗುರುತಿಲ್ಲ. ದುಡ್ಡೂ ಬರಲಿಲ್ಲ. ನನ್ನಂಥ ಕೇಂದ್ರ ಸರ್ಕಾರಿ ನೌಕರನಿಗೆ ಅಮಾನತಿನ ಮೊದಲ ಮೂರು ತಿಂಗಳು ಅರ್ಧ ವೇತನ ರಜೆಯಲ್ಲಿ ಸಿಗುವಷ್ಟು ಹಣ, ಅದಕ್ಕೆ ತಕ್ಕ ತುಟ್ಟಿಭತ್ಯೆ ಸೇರಿಸಿ ಜೀವನಾಧಾರ ಭತ್ಯೆಯಾಗಿ ಕೊಡಬೇಕು. ಆದರೆ 'ಬೇರೆಲ್ಲೂ ಕೆಲಸ, ವ್ಯಾಪಾರ ಮಾಡುತ್ತಿಲ್ಲ' ಅಂತ ನಾವು ಬರೆದುಕೊಡದೆ ಬಿಲ್ ಆಗಲ್ಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೊತ್ತಾದ ಮೇಲೆ ಪ್ರತಿ ತಿಂಗಳು ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ಸೀಲು ಹಾಕಿಸಿಕೊಂಡು ಬರುತ್ತಿದ್ದೆ. ಭತ್ಯೆ ಕೊಡದೆ ವಿಚಾರಣೆ ನಡೆಸಿದ್ದನ್ನು ಕೆಜಿಎಫ್ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಕೇಸಿನಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಸ್ಸು, ರೈಲಿನ ಚಾರ್ಜಿಗೇ ಕಾಸಿಲ್ಲದವನು ವಿಚಾರಣೆಗೆ ಹೇಗೆ ಬರಬೇಕು, ಅಲ್ವಾ?

ಯೂನಿಯನ್‌ನಲ್ಲಿದ್ದು ರಿಟೈರ್ ಆದ ಹಿರಿಯರೊಬ್ಬರು ನನ್ನ ಗೋಳು ಪೂರ್ತಿ ಕೇಳಲೇ ಇಲ್ಲ. 'ಅದಿರಲಿ ಕಣಯ್ಯಾ, ಇವತ್ತಿಗೆ ಎಷ್ಟನೇ ದಿನ?' ಎಂದರು. ನನಗೆ ಗೊತ್ತಿರಲಿಲ್ಲ. ಅವರೇ ಗೋಡೆಯ ಕ್ಯಾಲೆಂಡರ್ ಇಳಿಸಿ, ಬೆರಳಿಟ್ಟು ಎಣಿಸಿ, ತೊಂಬತ್ತನೇ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಕೇಂದ್ರ ನೌಕರರ ಶಿಸ್ತುಕ್ರಮದ ನಿಯಮಗಳು, ಅಂದರೆ ಸಿಸಿಎಸ್ (ಸಿಸಿಎ) ನಿಯಮಗಳು 1965, ಅದರಲ್ಲಿ 10ನೇ ನಿಯಮ. ಸಸ್ಪೆಂಡ್ ಮಾಡಿದ 90 ದಿನದೊಳಗೆ ಸಮಿತಿ ಕೂತು ಮರುಪರಿಶೀಲನೆ ಮಾಡಿ ಮುಂದುವರಿಸಬೇಕು, ಒಂದು ಸಲಕ್ಕೆ 180 ದಿನಕ್ಕಿಂತ ಜಾಸ್ತಿ ಮುಂದುವರಿಸುವ ಹಾಗಿಲ್ಲ. ಮಾಡದಿದ್ದರೆ ಆದೇಶ ತಾನಾಗೇ ಬಿದ್ದುಹೋಗುತ್ತದೆ. (ರಾಜ್ಯ ಸರ್ಕಾರದವರಿಗೆ ನಿಯಮ ಬೇರೆ, ನಿಮ್ಮದನ್ನೇ ನೋಡಿಕೊಳ್ಳಿ.)

ತೊಂಬತ್ತನೇ ದಿನ ಬಂತು, ಹೋಯಿತು. ನಾನು ಸುಮ್ನೆ ಕೂತೆ. ಅದೇ ಕಷ್ಟದ ಕೆಲಸ. ಮೊದಲೇ ಹೋಗಿ ಕೇಳಿದ್ದರೆ ನೆನಪು ಮಾಡಿಕೊಟ್ಟ ಹಾಗಾಗುತ್ತಿತ್ತು! ತೊಂಬತ್ತೇಳನೇ ದಿನದ ತಾರೀಖು ಹೊತ್ತ ಆದೇಶ ಮನೆಗೆ ಬಂತು: ಅಮಾನತು 'ಪೂರ್ವಾನ್ವಯವಾಗಿ', ಅಂದರೆ ಹಿಂದಿನ ತಾರೀಖಿನಿಂದಲೇ, 180 ದಿನ ಮುಂದುವರಿದಿದೆ. ಆರೋಪ ಏನು ಅಂತ ಇಲಾಖೆ ಬರೆದುಕೊಡುವ ಚಾರ್ಜ್ ಮೆಮೊ ಮಾತ್ರ ಆಗಲೂ ಇಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ ಸಮಿತಿ ಸಭೆಯ ನಡಾವಳಿ ಕೇಳಿದೆ. ಸಮಿತಿ ಕೂತಿದ್ದು ತೊಂಬತ್ತಾರನೇ ದಿನ. ಅವರ ಸೈನು, ಅವರೇ ಬರೆದ ತಾರೀಖು.

ಆಮೇಲೆ ಮೇಲ್ಮನವಿ. ಅದಕ್ಕೆ 45 ದಿನದ ಗಡುವು. ಒಂದೂವರೆ ಪುಟ ಬರೆದೆ, ಅಷ್ಟೆ. ಮೊದಲು ಬರೆದ ಎಂಟು ಪುಟದಲ್ಲಿ ಯಾರು ಯಾಕೆ ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಅಂತೆಲ್ಲ ಇತ್ತು, ಹಿರಿಯರು ಅದನ್ನು ಹರಿದು ಹಾಕಿದರು. ಉಳಿಸಿದ್ದು ತಾರೀಖುಗಳು ಮತ್ತು ಎರಡು ತೀರ್ಪು ಮಾತ್ರ. ಸುಪ್ರೀಂ ಕೋರ್ಟಿನ ದೀಪಕ್ ಮಾಲಿ ಕೇಸು: 90 ದಿನ ಕಳೆದ ಮೇಲೆ ಮಾಡಿದ ಪರಿಶೀಲನೆ ಸತ್ತ ಆದೇಶಕ್ಕೆ ಜೀವ ಕೊಡಲ್ಲ. ಅದೇ ಕೋರ್ಟಿನ 2015ರ ಅಜಯ್ ಕುಮಾರ್ ಚೌಧರಿ ಕೇಸು: ಮೂರು ತಿಂಗಳೊಳಗೆ ಚಾರ್ಜ್ ಮೆಮೊ ಕೊಡದಿದ್ದರೆ ಅಮಾನತು ಎಳೆಯಬಾರದು, ಕೊಟ್ಟಿದ್ದರೆ ಮುಂದುವರಿಸಲು ಕಾರಣ ಬರೆಯಬೇಕು.

ಆರು ತಿಂಗಳು ಉತ್ತರವಿಲ್ಲ. ಈ ನಡುವೆ ಎರಡನೇ ಸಲವೂ ಮುಂದುವರಿಸಿದರು. ಕಾದಿದ್ದು ವ್ಯರ್ಥ ಅನ್ನಬೇಡಿ, ಇಲಾಖೆಯೊಳಗಿನ ದಾರಿ ಮುಗಿಸದೆ ಕೇಂದ್ರ ಆಡಳಿತ ನ್ಯಾಯಮಂಡಳಿ ಸಾಮಾನ್ಯವಾಗಿ ಅರ್ಜಿ ತೆಗೆದುಕೊಳ್ಳಲ್ಲ. ಅರ್ಜಿಗೆ ಶುಲ್ಕ ಐವತ್ತೇ ರೂಪಾಯಿ. ವಕೀಲರ ಫೀಸು ಬೇರೆ ಮಾತು. ಇಲಾಖೆಯವರ ವಾದ, ಸಮಿತಿಯ ಸದಸ್ಯರು ಪ್ರವಾಸದಲ್ಲಿದ್ದರು ಅನ್ನೋದು. ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ತೊಂಬತ್ತೊಂದನೇ ದಿನದಿಂದ ಅಮಾನತು ಊರ್ಜಿತವಲ್ಲ, ಪೂರ್ತಿ ಸಂಬಳ ಕೊಡಿ ಅಂತ ಆದೇಶವಾಯಿತು.

ಕೆಲಸಕ್ಕೆ ಹೋದ ದಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಎಲ್ಲರ ಕೆಳಗೆ, ಪೆನ್ಸಿಲ್‌ನಲ್ಲಿತ್ತು. ಸ್ಟಾಕ್ ರಿಜಿಸ್ಟರ್ ವಿಚಾರಣೆ ಈಗ ಶುರುವಾಗಿದೆ, ಅದನ್ನು ಎದುರಿಸುತ್ತೇನೆ. ಮೊದಲ 90 ದಿನವನ್ನು ಡ್ಯೂಟಿ ಅಂತ ಲೆಕ್ಕ ಹಾಕುತ್ತಾರೋ ಇಲ್ಲವೋ ಅನ್ನೋದು ಅದು ಮುಗಿದ ಮೇಲೆ. ಆ ಕ್ಯಾಲೆಂಡರ್ ಇನ್ನೂ ಗೋಡೆಯಲ್ಲೇ ಇದೆ.